ಜಾಗ ಇಲ್ಲದ ಪತ್ರಿಕೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಎದುರಿಗೆ ನಮ್ಮ ಸಂಜೆ ಪತ್ರಿಕೆಯ ಕಚೇರಿ. ನಾನು ಪ್ರೂಫ್ ನೋಡುತ್ತಿದ್ದೆ. ಯಾರೇ ಸುದ್ದಿ ತಂದರೂ ಸಂಪಾದಕರು ಮೊದಲು ಜೋರಾಗಿ ಸೀನುತ್ತಿದ್ದರು, ಆಮೇಲೆ ಉಕ್ಕಿನ ಸ್ಕೇಲ್ ತೆಗೆದು ಪುಟ ಅಳೆದು, "ಜಾಗಾ ಇಲ್ರಿ" ಅನ್ನುತ್ತಿದ್ದರು. ಸೀನು ಮೆಣಸಿನಕಾಯಿ ಘಾಟಿನದು. ಮಾತು ಮಾತ್ರ ಅವರದೇ.

ಕಾಗದದ ಖರ್ಚು ತಾಳದೆ ಅವರು ಮುದ್ರಣ ನಿಲ್ಲಿಸಿ, ಪತ್ರಿಕೆಯನ್ನು ಪೂರ್ತಿ ಆನ್‌ಲೈನ್ ಮಾಡಿದರು. ಇದು ಇನ್ನು ಮುಳುಗಿದಂತೆಯೇ ಎಂದು ಪೇಟೆಯೆಲ್ಲ ಆಡಿಕೊಂಡಿತು. ನನಗೂ ಹಾಗೇ ಅನ್ನಿಸಿತ್ತು.

ಆ ವಾರವೇ ಒಬ್ಬ ಮೆಣಸಿನಕಾಯಿ ವ್ಯಾಪಾರಿ ತಮ್ಮ ಸನ್ಮಾನದ ಫೋಟೊ ತಂದರು. ಸಂಪಾದಕರು ಸೀನಿದರು. ಸ್ಕೇಲನ್ನು ಕಂಪ್ಯೂಟರಿನ ಪರದೆಗೆ ಹಿಡಿದು ಉದ್ದ, ಅಗಲ ಅಳೆದರು.

"ಜಾಗಾ ಇಲ್ರಿ, ಸಾವಕಾರ್ರ."

ವ್ಯಾಪಾರಿ ಮುಖ ಸಣ್ಣದು ಮಾಡಿಕೊಂಡು ಹೋದ ಮೇಲೆ ಕೇಳಿದೆ: "ಸರ್, ಆನ್‌ಲೈನ್‌ನ್ಯಾಗ ಜಾಗಕ್ಕೇನ್ ಬರಾ ಐತ್ರಿ?"

"ಹಂಗಂತ ಹೊರಗ ಹೇಳಬ್ಯಾಡ," ಎಂದು ಅವರು ಅಂಗಿಯ ತುದಿಯಿಂದ ಸ್ಕೇಲ್ ಒರೆಸಿದರು. "ಕೇಳಿದ ಕೂಡಲೇ ಹಾಕಿದ್ರ ಯಾರು ನೋಡ್ತಾರ?"

ಮರುದಿನ ಫೋಟೊ ಬಂತು, ಅಂಚೆಚೀಟಿಯಷ್ಟು. ನಾನು ಚಹಾಕ್ಕೆ ಹೋದಾಗ ಅಂಗಡಿಯಲ್ಲಿ ವ್ಯಾಪಾರಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದರು.

"ಜಾಗಾನ ಇರಲಿಲ್ಲಂತ್ರಿ. ಯಾರದೋ ತಗದು ನಂದು ಹಾಕ್ಯಾರ. ವರ್ಷದ ಚಂದಾ ಕೊಟ್ಟ ಬಂದೇನಿ."

ರಾಣೆಬೆನ್ನೂರಿನಿಂದ ಬಂದಿದ್ದ ದಲಾಲರೊಬ್ಬರು ಚಹಾದ ಬಸಿ ಕೆಳಗಿಟ್ಟು, ನಾನು ಪತ್ರಿಕೆಯವನೆಂದು ತಿಳಿದು ನನ್ನ ಕಡೆ ತಿರುಗಿದರು. "ನಮ್ಮದೂ ಒಂದು ಫೋಟೊ ಐತ್ರಿ. ನಾಳಿಗೆ ಜಾಗಾ ಆಗತೈತೇನ್ರಿ?"

ಅಂದು ಮಾರುಕಟ್ಟೆಗೆ ರಜೆ; ಗಾಳಿಯಲ್ಲಿ ಘಾಟಿನ ಸುಳಿವೂ ಇರಲಿಲ್ಲ. ಆದರೂ ನಾನು ಜೋರಾಗಿ ಒಂದು ಸೀನು ಸೀನಿದೆ.