ಜೆರಾಕ್ಸ್ ಅಂಗಡಿಯ ವಿಳಾಸದಿಂದ ಬಂದ ಕಾಗದ

ಹೊಸ ಸಾಫ್ಟ್‌ವೇರ್ ಹಾಕಿಸಿದ ದಿನ ನಮ್ಮ ವಕೀಲರು ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಹೂ ಇಟ್ಟು, ನಿಂಬೆಹಣ್ಣನ್ನು ಕೀಬೋರ್ಡಿನ ಮೇಲೆಯೇ ಇರಿಸಿ ಕೈಮುಗಿದರು. ಹಣ್ಣಿನ ಭಾರಕ್ಕೆ ಪರದೆಯ ಮೇಲೆ ಒಂದೇ ಅಕ್ಷರ ಸಾಲುಗಟ್ಟಿ ಓಡತೊಡಗಿತು. ನಾನು ಹಣ್ಣನ್ನು ಎತ್ತಿ ಪಕ್ಕಕ್ಕಿಟ್ಟೆ. "ಶುರುವಲ್ಲೇ ಅಪಶಕುನ ಮಾಡ್ಬೇಡಮ್ಮ" ಎಂದರು. ಅಪಶಕುನ ಮಾಡಿದ್ದು ಯಾರು ಅಂತ ಆಮೇಲೆ ಅವರನ್ನು ಕೇಳಬೇಕು ಅನ್ನಿಸಿದ್ದುಂಟು. ಸಂಬಳ ಕೊಡುವವರನ್ನು ಹಾಗೆಲ್ಲ ಕೇಳಲಾಗುವುದಿಲ್ಲ.

ಕಚೇರಿ ಇದ್ದದ್ದು ಯಲಹಂಕ ಹಳೇ ಊರಿನಲ್ಲಿ, ಒಂದು ಬೇಕರಿಯ ಮಹಡಿ ಮೇಲೆ. ಬೇಕರಿಯ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ನಾನು ಜಾಲಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಪ್ಪ ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಮಗೆ ಅಂಗೈ ಅಗಲದ ಹೊಲವೂ ಇರಲಿಲ್ಲ, ಹಾಗಾಗಿ ಅಣ್ಣ ತಮ್ಮಂದಿರು ಕಿತ್ತಾಡುವ ಪ್ರಮೇಯವೂ ಬರಲಿಲ್ಲ. ನಮ್ಮ ಕಚೇರಿಗೆ ಬರುತ್ತಿದ್ದವರು ಮಾತ್ರ ಸುತ್ತಲಿನ ಹಳ್ಳಿಗಳ ಹಳೆಯ ಒಕ್ಕಲು ಮನೆಯವರು. ವಿಮಾನ ನಿಲ್ದಾಣ ಬಂದ ಮೇಲೆ ಅವರ ರಾಗಿ ಹೊಲಗಳೆಲ್ಲ ಒಂದೊಂದಾಗಿ ಲೇಔಟ್ ಆಗುತ್ತಿದ್ದವು. ಬಿಲ್ಡರ್ ಕೈಗೆ ಜಮೀನು ಹೋಗುವ ಮುಂಚೆ ಕಾಗದ ಪತ್ರ ಸರಿಮಾಡಿಕೊಳ್ಳಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು.

ಪಹಣಿ, ವಂಶವೃಕ್ಷ, ಅಜ್ಜನ ಕಾಲದ ಕ್ರಯಪತ್ರ ಎಲ್ಲ ಮೇಲ್‌ನಲ್ಲಿ ಬರುವ ಕಾಲ ಆಗಲೇ ಬಂದಿತ್ತು. ಅವನ್ನು ಇಳಿಸಿ, ಮುದ್ರಿಸಿ, ಆಯಾ ಮನೆಯ ಕಡತಕ್ಕೆ ಸೇರಿಸಿ ಲಾಡಿ ಕಟ್ಟುವುದು ನನ್ನ ಕೆಲಸ. ಕೇಳಿದರೆ ಯಾರಾದರೂ ಮಾಡಬಹುದಾದ ಕೆಲಸ. ಆದರೆ ಅದರೊಳಗೆ ಇನ್ನೊಂದು ಕೆಲಸವಿತ್ತು, ಅದನ್ನು ಯಾರೂ ಹೇಳಿಕೊಡಲಿಲ್ಲ. ಯಾವ ಕಾಗದ ಯಾರದ್ದು ಅನ್ನುವುದಕ್ಕಿಂತ ಯಾವ ಕಾಗದ ಯಾರ ಕಣ್ಣಿಗೆ ಬೀಳಬಾರದು ಅನ್ನುವುದನ್ನು ನೋಡಿಕೊಳ್ಳಬೇಕಿತ್ತು. ಬೆಂಚಿನ ಮೇಲೆ ದೊಡ್ಡಪ್ಪ ಕೂತಿದ್ದರೆ ತಮ್ಮನ ಮಗನ ಕಾಗದವನ್ನು ಮಗುಚಿ ಇಡಬೇಕು. ಈ ಮನೆಗಳಲ್ಲಿ ಯಾವ ಮಾತೂ ನೇರವಾಗಿ ಹೋಗುವುದಿಲ್ಲ. ಸೊಸೆಯ ಮಾತು ಅತ್ತಿಗೆಯ ಬಾಯಲ್ಲಿ, ತಂಗಿಯ ಮಾತು ಸೋದರಮಾವನ ಬಾಯಲ್ಲಿ ಬರಬೇಕು. ವಕೀಲರ ಬಾಯೂ ಅಂಥದ್ದೇ ಒಂದು ದಾರಿ. ನಾನು ಆ ದಾರಿಯ ಬಾಗಿಲು ಕಾಯುತ್ತಿದ್ದೆ ಅಂದುಕೊಂಡಿದ್ದೆ.

ಸಾಫ್ಟ್‌ವೇರ್ ಹಾಕಲು ಬಂದವನು ಟೈ ಕಟ್ಟಿದ ಚುರುಕು ಮನುಷ್ಯ. "ಇನ್ನು ನೀವು ಏನೂ ಮಾಡ್ಬೇಕಾಗಿಲ್ಲ ಮೇಡಂ" ಎಂದ. ನೌಕರಿಯಲ್ಲಿರುವವರಿಗೆ ಹೇಳಬಾರದ ಮಾತು ಅದು. ಮೇಲ್ ಬಂದ ಕೂಡಲೆ ಕಳಿಸಿದ ವಿಳಾಸ ನೋಡಿ ಅದು ತಾನೇ ಆ ಕಕ್ಷಿದಾರರ ಫೋಲ್ಡರಿಗೆ ಕಾಗದವನ್ನು ಹಾಕುತ್ತಿತ್ತು. ಹಾಕಿದ ಮರುಕ್ಷಣ ಆ ಕಕ್ಷಿದಾರರ ಫೋನಿಗೆ, ನಿಮ್ಮ ಫೋಲ್ಡರಿಗೆ ಹೊಸ ದಾಖಲೆ ಸೇರಿದೆ ಎಂದು ಸಂದೇಶ ಹೋಗುತ್ತಿತ್ತು. ಅದನ್ನು ಒತ್ತಿದರೆ ಕಾಗದ ಅವರ ಫೋನಿನಲ್ಲೇ ತೆರೆದುಕೊಳ್ಳುತ್ತಿತ್ತು. ವಕೀಲರಿಗೆ ಇದರಿಂದ ಭಾರಿ ಹೆಮ್ಮೆ. ಬಂದವರಿಗೆಲ್ಲ ತೋರಿಸುತ್ತಿದ್ದರು. ಇನ್ನು ಮುಂದೆ ಕೈಯಲ್ಲಿ ಕಾಗದ ತೆಗೆದುಕೊಳ್ಳುವುದಿಲ್ಲ, ಎಲ್ಲ ಮೇಲ್ ಮಾಡಿ ಎಂದು ಬಾಗಿಲಿಗೆ ಬೋರ್ಡು ಬೇರೆ ಹಾಕಿಸಿದರು.

ತೊಡಕು ಎಲ್ಲಿತ್ತೆಂದರೆ, ನಮ್ಮ ಕಕ್ಷಿದಾರರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮೇಲ್ ವಿಳಾಸವೇ ಇರಲಿಲ್ಲ. ಅವರು ಕೆಳಗಿನ ಜೆರಾಕ್ಸ್ ಅಂಗಡಿಗೆ ಹೋಗಿ ಕಾಗದ ಕೊಡುತ್ತಿದ್ದರು. ಅಂಗಡಿಯವನು ಸ್ಕ್ಯಾನ್ ಮಾಡಿ ತನ್ನದೇ ವಿಳಾಸದಿಂದ ಮೇಲಕ್ಕೆ ಕಳಿಸುತ್ತಿದ್ದ. ಅಂಗಡಿಯಿಂದ ಕಚೇರಿಗೆ ಮೆಟ್ಟಿಲು ಹತ್ತಿ ಬರುವಷ್ಟು ಹೊತ್ತಿನಲ್ಲಿ ಅದು ಬೇರೆ ಯಾವುದೋ ದೇಶ ಸುತ್ತಿಕೊಂಡು ಬರುತ್ತಿತ್ತಂತೆ. ಸಾಫ್ಟ್‌ವೇರಿಗೆ ಆ ವಿಳಾಸ ಯಾರದೆಂದು ತಿಳಿಯದೆ ಎಲ್ಲವನ್ನೂ 'ಗುರುತಿಲ್ಲದ್ದು' ಎಂಬಲ್ಲಿ ಗುಡ್ಡೆ ಹಾಕುತ್ತಿತ್ತು. ನಾನು ಒಂದೊಂದಾಗಿ ಬಿಡಿಸಿ ಆಯಾ ಫೋಲ್ಡರಿಗೆ ಹಾಕುತ್ತಿದ್ದೆ. ಆ ಗುಡ್ಡೆ ವಕೀಲರ ಕಣ್ಣಿಗೆ ಚುಚ್ಚಿತು. ಟೈ ಕಟ್ಟಿದವನನ್ನು ಮತ್ತೆ ಕರೆಸಿದರು. ಆಗ ಅಂಗಡಿಯಿಂದ ಬರುತ್ತಿದ್ದುದರಲ್ಲಿ ಹೆಚ್ಚಿನವು ಒಂದೇ ಮನೆಯವು. ವಿಮಾನ ನಿಲ್ದಾಣದ ರಸ್ತೆಯಿಂದ ಒಳಕ್ಕೆ ದೊಡ್ಡ ಹಿಡುವಳಿ ಇದ್ದ ಒಬ್ಬ ಯಜಮಾನರು ತಮ್ಮ ಹೊಲವನ್ನೆಲ್ಲ ಲೇಔಟ್ ಮಾಡಿಸಲು ಹೊರಟಿದ್ದರು. ಟೈ ಕಟ್ಟಿದವನು ನಾಲ್ಕು ಸಲ ಗುಂಡಿ ಒತ್ತಿ, ಅಂಗಡಿಯ ವಿಳಾಸದಿಂದ ಬಂದದ್ದೆಲ್ಲ ಆ ಯಜಮಾನರ ಫೋಲ್ಡರಿಗೇ ಹೋಗುವಂತೆ ಮಾಡಿದ.

"ಸಾರ್, ಆ ಅಂಗಡಿಯಿಂದ ಊರಿನವರೆಲ್ಲ ಕಳಿಸ್ತಾರೆ" ಎಂದೆ.

"ತಪ್ಪಿ ಬಂದಿದ್ದನ್ನ ನೀನು ಆಮೇಲೆ ತೆಗೆದುಹಾಕಮ್ಮ" ಎಂದರು ವಕೀಲರು.

"ತೆಗೀಬಹುದು. ಫೋನಿಗೆ ಹೋಗಿರೋ ಮೆಸೇಜನ್ನ ಹೆಂಗೆ ವಾಪಸ್ ತರೋದು?"

ಇಬ್ಬರೂ ನಕ್ಕರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವ ಗಾದೆಯನ್ನು ಕೇಳಿಯೇ ಬೆಳೆದವರು ಇಬ್ಬರೂ. ನನಗೆ ಮೈ ಉರಿದುಹೋಯಿತು.

ಆ ಯಜಮಾನರಿಗೆ ಒಬ್ಬಳೇ ತಂಗಿ, ನಾಗಸಂದ್ರಕ್ಕೆ ಕೊಟ್ಟಿದ್ದರು. ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆಯೆಂದು ಕಾನೂನು ಹೇಳಿದ ಮೇಲೆ, ಲೇಔಟ್ ಮಾಡುವ ಮುಂಚೆ ತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಮಾಮೂಲಾಗಿತ್ತು. ಸಹಿ ಹಾಕಿದವಳಿಗೆ ಅತ್ತಿಗೆ ಅರಿಶಿನ ಕುಂಕುಮ ಹಚ್ಚಿ, ಸೀರೆ ಕೊಟ್ಟು, ಊಟಕ್ಕೆ ಹಾಕಿ ಕಳಿಸುತ್ತಾಳೆ. ಎಲ್ಲ ನಗುನಗುತ್ತಲೇ ನಡೆಯುತ್ತದೆ.

ಒಂದು ಮಧ್ಯಾಹ್ನ ಆ ತಂಗಿ ಒಬ್ಬರೇ ಬಂದರು. ಐವತ್ತು ದಾಟಿದ ಹೆಂಗಸು, ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ವಕೀಲರ ಎದುರು ಕೂರಲೂ ಇಲ್ಲ, ನಿಂತುಕೊಂಡೇ ಮಾತಾಡಿದರು.

"ನಂಗೆ ಪಾಲು ಬ್ಯಾಡ ಸಾಮಿ. ಎಲ್ಲಿ ಏಳ್ತೀರೋ ಅಲ್ಲಿ ರುಜು ಹಾಕ್ತೀನಿ. ಹೊಂಗೆ ಮರದ ತಾವ ನಮ್ಮವ್ವನ ಮಣ್ಣು ಮಾಡವ್ರೆ. ಆ ಸಮಾಧಿ ಒಂದ್ ಬಿಟ್ಟು ಮಿಕ್ಕಿದ್ದೆಲ್ಲ ಸೈಟ್ ಮಾಡ್ಕಳ್ಳಿ ಅಂತ ನಮ್ಮಣ್ಣನ್ಗೆ ಏಳಿ. ನಾನ್ ಏಳ್ದೆ ಅಂತ ಏಳ್ಬ್ಯಾಡಿ. ನೀವೇ ಏಳ್ದಂಗೆ ಏಳಿ."

"ನೀವೇ ಅಣ್ಣನ್ನ ಕೇಳಿದ್ರೆ ಆಗಲ್ವಾ?" ಎಂದರು ವಕೀಲರು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನಾನು ಬಾಯ್ ಬಿಟ್ರೆ, ಇವ್ಳು ಪಾಲಿಗೆ ಬಂದ್ಲು ಅಂತಾರೆ ಜನ. ತವರ್ಮನೆ ಬಾಗ್ಲು ಮುಚ್ಚೋಯ್ತದೆ ಸಾಮಿ. ಇರೋದೊಂದು ಬಾಗ್ಲು."

ವಕೀಲರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ನೋಡ್ತೀನಿ ಎಂದು ಒಪ್ಪಿಕೊಂಡರು. ಸಮಾಧಿ ಇರುವ ಜಾಗ ಸೈಟಾದರೆ ಮುಂದೆ ತಕರಾರು ಬರಬಹುದೆಂದು ತಾವಾಗಿ ಹೇಳಿದಂತೆ ಹೇಳಿದರಾಯಿತು. ಆ ಹೆಂಗಸಿನ ಮುಖ ಒಂದಿಷ್ಟು ಸಡಿಲವಾಯಿತು. ಜಾಗ ಎಲ್ಲಿದೆ, ಎಷ್ಟಿದೆ ಎಂದು ಬರೆದಿದ್ದ ಒಂದು ಹಾಳೆಯನ್ನು ಸೆರಗಿನ ಒಳಗಿಂದ ತೆಗೆದರು. ಬಿಡಬೇಕಾದ ಸಮಾಧಿ, ಮರ, ಬಾವಿ, ಬದು ಎಲ್ಲವನ್ನೂ ಗೆರೆ ಎಳೆದು ತೋರಿಸಿ ಕೆಳಗೆ ತಮ್ಮ ಹೆಸರು ಬರೆದಿದ್ದರು. ಅದು ನನ್ನ ಕೈಗೆ ಬಂದಿದ್ದರೆ ನನ್ನ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು, ಅಷ್ಟೇ. ನಾನು ಕೈ ಚಾಚಿದೆ. ವಕೀಲರು ಬಾಗಿಲಿನ ಬೋರ್ಡು ತೋರಿಸಿದರು.

"ಪೇಪರ್ ತಗೊಳ್ಳಲ್ಲಮ್ಮ ಈಗ. ಮೇಲ್ ಮಾಡಿಸಿ, ನಮ್ಮಲ್ಲಿ ಭದ್ರವಾಗಿರತ್ತೆ."

"ಸಾರ್, ಇದೊಂದನ್ನ ನಾನೇ ಇಟ್ಕೋತೀನಿ" ಎಂದೆ.

"ಎಲ್ಲರಿಗೂ ಒಂದೇ ರೂಲು" ಎಂದು ಅವರು ಕೋರ್ಟಿಗೆ ಹೋಗಲು ಕೋಟು ಎತ್ತಿಕೊಂಡರು. ಅಂಗಡಿಯ ವಿಳಾಸದ ಮಾತನ್ನು ನಾನು ಮತ್ತೆ ಎತ್ತಿದಾಗ ಅರ್ಧ ಮೆಟ್ಟಿಲು ಇಳಿದಿದ್ದರು. ಆ ತಾಯಿ ಆಗಲೇ ಹಾಳೆ ಹಿಡಿದು ಕೆಳಗಿಳಿದಿದ್ದರು, ಅವರ ಹಿಂದೆಯೇ ಓಡಿದೆ. ನಾನು ಅಂಗಡಿ ಮುಟ್ಟುವಷ್ಟರಲ್ಲಿ ಹಾಳೆ ಯಂತ್ರದೊಳಗೆ ಹೋಗಿ ಹೊರಬಂದಾಗಿತ್ತು. ಅಂಗಡಿಯವನು ಎಂದೂ ಇಲ್ಲದ ಚುರುಕಿನಲ್ಲಿ "ಹೋಯ್ತು ನೋಡಿ ಅಕ್ಕ" ಎಂದ. ಆ ತಾಯಿ ನನ್ನ ಕಡೆ ತಿರುಗಿ ನಕ್ಕರು. ಬೇಕರಿಯಿಂದ ಒಂದು ಬನ್ ಕೊಂಡು ನನ್ನ ಕೈಗಿಟ್ಟು, "ತಿನ್ನವ್ವ, ನಿಂತು ನಿಂತು ಸಾಕಾಗೈತೆ ನಿಂಗೆ" ಎಂದು ಬಸ್ಸಿಗೆ ಹೋದರು. ನಾನು ಮೇಲೆ ಬಂದು ಆ ಕಾಗದವನ್ನು ಫೋಲ್ಡರಿನಿಂದ ತೆಗೆದೆ. ತೆಗೆದು ಏನು ಪ್ರಯೋಜನ? ಯಜಮಾನರ ಫೋನಿಗೆ ಸಂದೇಶ ಹೋಗಿತ್ತು, ಅತ್ತ ಅದನ್ನು ತೆರೆದು ನೋಡಿದ್ದಾರೆ ಎಂಬ ಗುರುತೂ ಬಿದ್ದಿತ್ತು. ಆ ಬನ್ನು ನನ್ನ ಮೇಜಿನ ಮೇಲೆ ಹಾಗೇ ಒಣಗಿತು.

ಮಾರನೆಯ ದಿನ ಯಜಮಾನರು ಬಂದರು. ಎತ್ತರದ ಆಳು, ಬಿಳಿ ಪಂಚೆ. ಮಗ ಕೊಡಿಸಿದ ಹೊಸ ಫೋನನ್ನು ಪ್ರಸಾದದ ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ಕೂಗಾಡುತ್ತಾರೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಕೂಗಲಿಲ್ಲ.

"ಯಜಮಾನ್ರೇ, ಅದು ಕಂಪ್ಯೂಟರ್ ಮಿಸ್ಟೇಕು" ಎಂದರು ವಕೀಲರು.

"ಇದ್ನ ಕಂಪ್ಯೂಟರ್ ಬರೀತದಾ? ನನ್ ತಂಗಿ ಅಕ್ಷರ ನಂಗೊತ್ತಿಲ್ವಾ? ಸ್ಲೇಟ್ ಹಿಡಿಸ್ದೋನೇ ನಾನು." ಫೋನನ್ನು ಮೇಜಿನ ಮೇಲಿಟ್ಟರು. "ಅವ್ವ ಅವ್ಳೊಬ್ಳಿಗೇನಾ? ನನ್ನ ಕೇಳಿದ್ರೆ ನಾನು ಇಲ್ಲ ಅಂತಿದ್ನಾ? ಮನೇಗೆ ಬಂದು, ಅಣ್ಣ, ಇಂಗೆ ಅಂತ ಒಂದ್ ಮಾತು. ಅದು ಬಿಟ್ಟು ವಕೀಲ್ರ ತಾವ ಬಂದವ್ಳೆ, ನನ್ ಮ್ಯಾಲೆ ಕಾಗ್ದ ಕೊಡಾಕೆ."

"ನಿಮ್ಮ ಮೇಲೆ ಕೊಟ್ಟಿದ್ದಲ್ಲ ಯಜಮಾನ್ರೇ. ನಿಮಗೆ ನೋವಾಗಬಾರದು ಅಂತಲೇ ಬಂದಿದ್ದು ಅವರು" ಎಂದುಬಿಟ್ಟೆ. ವಕೀಲರು ನನ್ನನ್ನು ದುರುಗುಟ್ಟಿ ನೋಡಿದರು.

ಯಜಮಾನರ ಕಣ್ಣು ಕೆಂಪಾಗಿತ್ತು. "ನೀನು ಚಿಕ್ಕೋಳಮ್ಮ. ನೋವಾಗೋದು ಯಾವುದ್ರಿಂದ ಅಂತ ನಿಂಗೆ ಗೊತ್ತಾಗಲ್ಲ" ಎಂದು ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೇಳಿದರೆ ಕೊಡುವ ಅಣ್ಣ, ಕೇಳಲು ಹೆದರಿದ ತಂಗಿ. ನಡುವೆ ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬೇಕಾಗಿದ್ದ ಒಂದು ಹಾಳೆ.

ಹಕ್ಕು ಬಿಡುಗಡೆ ಪತ್ರ ಮಾತ್ರ ತಡವಿಲ್ಲದೆ ಆಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯ ವರಾಂಡದಲ್ಲಿ ಅಣ್ಣ ಒಂದು ತುದಿಯಲ್ಲಿ, ತಂಗಿ ಇನ್ನೊಂದು ತುದಿಯಲ್ಲಿ. ಅತ್ತಿಗೆ ಬಂದೇ ಇರಲಿಲ್ಲ. ಹೆಬ್ಬೆಟ್ಟು, ಫೋಟೋ, ಸಹಿ ಎಲ್ಲ ಮುಗಿದ ಮೇಲೆ ಯಜಮಾನರು ನನ್ನ ಹತ್ತಿರ ಬಂದು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಒಳಗೆ ಸೀರೆ, ಅರಿಶಿನ ಕುಂಕುಮದ ಪೊಟ್ಟಣ, ಬಳೆ. "ಕೊಟ್ಬಿಡಮ್ಮ ಅವ್ಳಿಗೆ" ಎಂದರು, ಆ ಕಡೆ ನೋಡದೆ. ತವರಿನ ಸೀರೆಯನ್ನು ಕಚೇರಿಯ ಗುಮಾಸ್ತೆಯ ಕೈಯಲ್ಲಿ ಕೊಡಿಸುವುದು ಎಂಥ ಶಿಕ್ಷೆ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಕಾಲು ಮುಂದಕ್ಕೆ ಬರಲಿಲ್ಲ. ಆ ತಾಯಿಯೇ ಎದ್ದು ಬಂದು ಚೀಲ ಇಸಿದುಕೊಂಡರು. ಕುಂಕುಮದ ಪೊಟ್ಟಣ ಬಿಚ್ಚಿ ತಾವೇ ಹಣೆಗೆ ಇಟ್ಟುಕೊಂಡರು. ಒಂದಿಷ್ಟು ಮೂಗಿನ ಮೇಲೆ ಉದುರಿತು. ಯಾರೂ ಒರೆಸಲಿಲ್ಲ.

ಮರುದಿನವೇ ವಕೀಲರು ಅಂಗಡಿಯ ವಿಳಾಸದ ಆ ಏರ್ಪಾಟನ್ನು ತೆಗೆಸಿಹಾಕಿದರು. ಅದರ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. 'ಗುರುತಿಲ್ಲದ್ದು' ಮತ್ತೆ ತುಂಬತೊಡಗಿತು. ನಾನು ದಿನಾ ಬಂದು ಬಿಡಿಸುತ್ತಿದ್ದೆ. ಬಿಡಿಸುವಾಗ ಮೊದಲಿನ ಹುರುಪು ಇರಲಿಲ್ಲ. ಎಲ್ಲ ಕಾಗದದ ಹಿಂದೆಯೂ ಯಾರೋ ಒಬ್ಬರು ಸೆರಗು ಎಳೆದುಕೊಂಡು ನಿಂತಿದ್ದಾರೆ ಅನ್ನಿಸುತ್ತಿತ್ತು.

ಮಳೆಗಾಲ ಮುಗಿಯುತ್ತಾ ಬಂದಾಗ, ಒಂದು ಬೆಳಗ್ಗೆ ಆ ರಾಶಿಯಲ್ಲಿ ಯಜಮಾನರ ಲೇಔಟಿನ ನಕ್ಷೆ ಸಿಕ್ಕಿತು. ತೆರೆದೆ. ರಸ್ತೆ, ಪಾರ್ಕು, ಅಚ್ಚುಕಟ್ಟಾಗಿ ಕೊಯ್ದ ಸೈಟುಗಳು. ಮೂಡಣ ದಿಕ್ಕಿಗೆ, ಹೊಂಗೆ ಮರ ಇರಬೇಕಾದ ಕಡೆ, ಒಂದು ಸಣ್ಣ ಚೌಕ, ಅಲ್ಲಿಗೊಂದು ದಾರಿ ಬಿಟ್ಟಿತ್ತು. ಚೌಕದ ಒಳಗೆ ನಂಬರಿರಲಿಲ್ಲ. 'ಸಮಾಧಿ' ಎಂದು ಬರೆದಿತ್ತು. ತಂಗಿ ಹಾಳೆಯ ಮೇಲೆ ಎಳೆದಿದ್ದ ಗೆರೆಗಿಂತ ಒಂದಿಷ್ಟು ದೊಡ್ಡದಾಗಿಯೇ ಬಿಟ್ಟಿದ್ದರು. ಬಿಡಿ ಎಂದು ಯಾರೂ ಯಜಮಾನರಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ವಕೀಲರೂ ಆಮೇಲೆ ಆ ಮಾತು ತೆಗೆದಿರಲಿಲ್ಲ.

ಒಬ್ಬರ ಫೋಲ್ಡರಿನಲ್ಲಿ ಇರುವುದನ್ನು ಇನ್ನೊಬ್ಬರಿಗೆ ಹೇಳಬಾರದು ಅನ್ನುವುದು ಕಚೇರಿಯ ಕಟ್ಟಳೆ. ಸುಡುಗಾಡು ಕಟ್ಟಳೆ ಅಂದುಕೊಂಡು, ಮೆಟ್ಟಿಲ ಮೇಲೆ ಕೂತು ನಾಗಸಂದ್ರಕ್ಕೆ ಫೋನ್ ಮಾಡಿದೆ.

"ಅಕ್ಕಾ, ಅಮ್ಮನ ಜಾಗ ಬಿಟ್ಟಿದ್ದಾರೆ. ನಕ್ಷೆ ಬಂದಿದೆ, ನಾನೇ ನೋಡ್ದೆ. ದಾರಿನೂ ಬಿಟ್ಟಿದ್ದಾರೆ."

ಆ ಕಡೆ ಕುಕ್ಕರ್ ಕೂಗಿ ನಿಂತಿತು.

"ನಂಗೆ ಏಳು ಅಂತ ಅಣ್ಣ ಏಳಿದ್ನಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. "ಇಲ್ಲ ಅಕ್ಕಾ. ನಾನೇ ಮಾಡ್ದೆ" ಎಂದೆ.

"ಬರೋ ವಾರ ಹಿರಿಯರ ಹಬ್ಬ. ಪ್ರತಿ ವರ್ಷ ಈ ಹೊತ್ಗೆ ಫೋನ್ ಮಾಡೋನು, ಎಡೆ ಇಡಾಕೆ ಬಾ ಅಂತ."

"ಈಗ ಜಾಗ ಇದೆಯಲ್ಲ ಅಕ್ಕಾ. ನೀವೇ ಹೋಗಿ ಇಟ್ಟು ಬನ್ನಿ. ಯಾರು ಬೇಡ ಅಂತಾರೆ?"

"ಬ್ಯಾಡ ಅನ್ನಾಕೂ ಒಬ್ರು ಮಾತಾಡ್ಬೇಕಲ್ಲವ್ವ" ಎಂದರು. ಆಮೇಲೆ, ನನಗಲ್ಲದೆ ಬೇರೆ ಯಾರಿಗೋ ಹೇಳುವಂತೆ, "ಕರೀದಲೆ ಎಂಗ್ ಓಗ್ಲಿ, ತವರ್ಮನೇಗೆ?"