ಕೋರ್ಟು ಕೊಟ್ಟ ಭಾನುವಾರ

ಮನೆಯ ಫೋಟೋಗಳ ಆಲ್ಬಮ್ ಮಾಡಿಸಿಕೊಂಡು ಫ್ಯಾಮಿಲಿ ಕೋರ್ಟಿಗೆ ಹೋದವನು ನಾನೊಬ್ಬನೇ ಇರಬೇಕು. ತಲಘಟ್ಟಪುರದ ನಮ್ಮ ಮೂರು ಮಹಡಿ ಮನೆ, ಮಗಳಿಗೆಂದೇ ಗುಲಾಬಿ ಬಣ್ಣ ಹೊಡೆಸಿದ ರೂಮು, ಹೊಸ ಮಂಚ, ಟೆರೇಸಿನ ಮೇಲೆ ಜೋಕಾಲಿ, ಎಲ್ಲವೂ ಅದರಲ್ಲಿತ್ತು. ಹೆಂಡತಿ ಐದು ವರ್ಷದ ಮಗಳನ್ನು ಕರೆದುಕೊಂಡು ಜಯನಗರದ ತವರಿಗೆ ಹೋಗಿದ್ದಳು. ವಿಚ್ಛೇದನದ ಕೇಸು ಮುಗಿಯುವುದು ಯಾವ ಕಾಲಕ್ಕೋ. ಅಲ್ಲಿಯವರೆಗೆ ಮಗು ಯಾರ ಹತ್ತಿರ ಎಷ್ಟು ಹೊತ್ತು ಇರಬೇಕೆಂದು ಕೋರ್ಟು ಮಧ್ಯಂತರ ಆದೇಶ ಕೊಡುತ್ತದೆ. ಅದು ಬರುವತನಕ ನನಗೆ ಸಿಗುತ್ತಿದ್ದುದು ವಾರಕ್ಕೊಮ್ಮೆ, ಶನಿವಾರ ಒಂದು ಗಂಟೆಯ ಹೊತ್ತು. ಅದೂ ಕೋರ್ಟಿನ ಮಕ್ಕಳ ಕೋಣೆಯಲ್ಲಿ, ನನ್ನಂಥವೇ ನಾಲ್ಕಾರು ಮುಖಗಳ ನಡುವೆ. ಸ್ವಂತ ಮಗಳ ಜೊತೆ ಆಡಲು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು! ಮೈಯೆಲ್ಲ ಉರಿಯುತ್ತಿತ್ತು.

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಕನಕಪುರ ರಸ್ತೆಯ ನನ್ನ ಪೈಪು, ನಲ್ಲಿಗಳ ಅಂಗಡಿಯಲ್ಲಿ ಗಿರಾಕಿಗಳ ಜೊತೆಗೂ ಜಗಳ ಆಡಿದವನು. ನಮ್ಮವ್ವ ಬೇರೆ, "ನಮ್ಮನೇಲಿ ಎತ್ತಾಡ್ಸೋಕೆ ಹತ್ತು ಜನ ಇದೀವಿ. ಅಲ್ಲಿ ಅವಳೊಬ್ಳು, ಅವರಮ್ಮ ಒಬ್ರು. ನಮಗೇ ಕೊಡ್ತಾರೆ ಬಿಡ್ಲಾ" ಎಂದು ಧೈರ್ಯ ತುಂಬಿದ್ದಳು. ನಾನೂ ಹಾಗೇ ನಂಬಿದ್ದೆ, ಪೆದ್ದ ನನ್ಮಗ.

ನ್ಯಾಯಾಧೀಶರು ಐವತ್ತರ ಆಸುಪಾಸಿನ ಹೆಂಗಸು. ಅವರು ದನಿ ಎತ್ತಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿ, ವಕೀಲರಿಬ್ಬರಿಗೂ ಸ್ವಲ್ಪ ಹೊತ್ತು ಸುಮ್ಮನಿರಿ ಎಂದರು. ನಾನು ಆಲ್ಬಮ್ ಮುಂದಿಟ್ಟೆ. ಎರಡು ಹಾಳೆ ತಿರುವಿ ಬದಿಗಿಟ್ಟರು.

"ಮನೆ ಚೆನ್ನಾಗಿದೆ. ಆದ್ರೆ ನಾನು ಕೇಳ್ತಿರೋದು ನಿಮ್ಮ ಬಗ್ಗೆ. ಮಗು ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡುತ್ತೆ, ಹೇಳಿ."

"ಸ್ಕೂಲಿಗೆ ಹೋಗ್ತಾಳೆ ಮೇಡಂ."

"ಅದಕ್ಕೂ ಮುಂಚೆ?"

ಹಾಲು ಕುಡಿಯುತ್ತಾಳೆ ಎಂದೆ. ಹೆಂಡತಿ ತಲೆ ತಗ್ಗಿಸಿದಳು. ಹಾಲು ಕುಡಿದರೆ ವಾಂತಿಯಾಗುತ್ತದೆಂದು ನಮ್ಮ ಮನೆಯಲ್ಲಿದ್ದಾಗಲೇ ಬಿಡಿಸಿದ್ದಳಂತೆ. ಕುಡಿಯುತ್ತಿದ್ದುದು ರಾಗಿ ಗಂಜಿ. ಕ್ಲಾಸ್ ಟೀಚರ್ ಯಾರು? ಗೊತ್ತಿಲ್ಲ. ಜ್ವರ ಬಂದರೆ ಯಾವ ಸಿರಪ್ಪು? ಗೊತ್ತಿಲ್ಲ. ಯಾವ ಗೆಳತಿಯ ಮಾತು ಹೆಚ್ಚು ಆಡುತ್ತಾಳೆ? ಅಂಗಡಿಯಲ್ಲಿ ಯಾವ ಸೈಜಿನ ನಲ್ಲಿ ಯಾವ ಡಬ್ಬದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ನಾನು ಅಲ್ಲಿ ಬೆಬ್ಬೆಬ್ಬೆ ಎನ್ನುತ್ತಾ ಕೂತಿದ್ದೆ. ಇನ್ನು ಆ ಒಂದು ಗಂಟೆಯೇ ಗತಿ ಎಂದುಕೊಂಡೆ.

ಅವರು ಹೆಂಡತಿಯ ಕಡೆ ತಿರುಗಿದರು. "ನೀವು ಹೇಳಿಮ್ಮ. ಇವರು ಜೊತೇಲಿಲ್ದೆ ಮಗುಗೆ ಏನಾದ್ರೂ ಕಷ್ಟ ಆಗಿದೆಯಾ?"

ಅವಳ ವಕೀಲರು ಕೆಮ್ಮಿದರು. ಏನೂ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು.

"ಭಾನುವಾರ ತಲೆಗೆ ಸ್ನಾನ ಮೇಡಂ," ಎಂದಳು. "ಇವರೇ ಮಾಡಿಸ್ತಿದ್ರು. ಹಣೆಗೆ ಕೈ ಅಡ್ಡ ಇಟ್ಟು ನೀರು ಹಾಕ್ತಾರೆ, ಕಣ್ಣಿಗೆ ಒಂದು ತೊಟ್ಟು ಸೋಪು ಹೋಗಲ್ಲ. ನಂಗೆ ಅದು ಬರಲ್ಲ. ಅಮ್ಮನ ಮನೆಗೆ ಹೋದಾಗಿಂದ ಪ್ರತಿ ಭಾನುವಾರ ಬಾತ್‌ರೂಮಲ್ಲಿ ಅಪ್ಪ ಬೇಕು ಅಂತ ಕಿರುಚ್ತಾಳೆ."

ಅಯ್ಯೋ ದೇವರೇ! ಅದೂ ಒಂದು ಕೆಲಸವೆಂದು ನಾನು ಎಣಿಸಿಯೇ ಇರಲಿಲ್ಲ. ಅವಳ ತಪ್ಪುಗಳ ಬಗ್ಗೆ ಪುಟಗಟ್ಟಲೆ ಬರೆಸಿ ಸಹಿ ಹಾಕಿದ್ದೆ, ಈ ಸ್ನಾನದ ಬಗ್ಗೆ ಅದರಲ್ಲಿ ಒಂದು ಸಾಲಿರಲಿಲ್ಲ. ನನಗೆ ಅನುಕೂಲವಾಗುವ ಮಾತನ್ನು ಅವಳು ನುಂಗಿಕೊಳ್ಳಬಹುದಿತ್ತು, ನುಂಗಲಿಲ್ಲ. ಇಂಥವಳನ್ನು ಸುಳ್ಳುಬುರುಕಿ ಎಂದು ಬನಶಂಕರಿಯಿಂದ ಹುಳಿಮಾವಿನವರೆಗೆ ನೆಂಟರ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ.

ಆದೇಶ ಬಂತು. ವಾರಪೂರ್ತಿ ಮಗು ತಾಯಿಯ ಹತ್ತಿರ, ಶಾಲೆ ಬದಲಾಗಬಾರದು. ಭಾನುವಾರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನಮ್ಮ ಮನೆ. ಶನಿವಾರವೇ ಕರೆತಂದು ರಾತ್ರಿ ಉಳಿಸಿಕೊಳ್ಳುವ ವಿಚಾರ ಎರಡು ತಿಂಗಳ ನಂತರ. "ಮಗು ನಿಧಾನಕ್ಕೆ ಅಭ್ಯಾಸ ಮಾಡ್ಕೊಳ್ಳಲಿ. ನೀವೂ ಮಾಡ್ಕೊಳ್ಳಿ," ಎಂದರು ನ್ಯಾಯಾಧೀಶರು. ಇಷ್ಟೇನಾ ಎಂದು ನಮ್ಮ ವಕೀಲರು ಗೊಣಗಿದರು. ನನಗೆ ಮಾತ್ರ ಆ ಹೆಂಗಸಿಗೆ ಅಲ್ಲೇ ಕೈ ಮುಗಿಯಬೇಕೆನ್ನಿಸಿತು. ಮೇಜಿನ ಮೇಲೆ ಅಷ್ಟೆತ್ತರ ಫೈಲುಗಳಿದ್ದರೂ ನನ್ನ ಮಗಳು ಬೆಳಿಗ್ಗೆ ಏನು ಕುಡಿಯುತ್ತಾಳೆಂದು ವಿಚಾರಿಸಲು ಅವರಿಗೆ ಪುರುಸೊತ್ತಿತ್ತು, ಅಪ್ಪನಾದ ನನಗಿರಲಿಲ್ಲ.

ಮೊದಲ ಭಾನುವಾರ ಅವ್ವ ಬಿಸಿನೀರು ತೋಡಿಕೊಂಡು ಮುಂದೆ ಬಂದಳು. "ನಾನಿಲ್ವೇನ್ಲಾ, ನಿಂಗ್ಯಾಕೆ?" ಎಂದಳು. "ಇದು ನನ್ನ ಕೆಲಸ, ನೀನು ಆ ಕಡೆ ಹೋಗವ್ವ," ಎಂದೆ. ಮಗಳು ಮಣೆಯ ಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಒಂದು ಚೊಂಬು ನೀರು ಬಿದ್ದ ಮೇಲೆ ಕಣ್ಣು ಬಿಟ್ಟು ಸ್ಕೂಲಿನ ಕಥೆ ಶುರು ಮಾಡಿದಳು. ಸ್ನಾನ ಮುಗಿಯುವಷ್ಟರಲ್ಲಿ ಟೀಚರಿನ ಹೆಸರೂ ಗೊತ್ತಾಯಿತು, ಗೆಳತಿಯ ಹೆಸರೂ ಗೊತ್ತಾಯಿತು. ಗಂಜಿ ಕಾಯಿಸುವುದನ್ನು ಮೂರನೇ ವಾರಕ್ಕೆ ಕಲಿತೆ. ಜಡೆ ಮಾತ್ರ ಇವತ್ತಿಗೂ ಸೊಟ್ಟಗೇ.

ಎರಡು ತಿಂಗಳ ಮೇಲೆ ಮತ್ತೆ ಅದೇ ಕೋಣೆ. ಶನಿವಾರ ರಾತ್ರಿಯ ಮಾತು ಬಂತು. ಅವಳ ವಕೀಲರು ಎದ್ದು, ಮಗು ಎದ್ದ ಕೂಡಲೇ ತಾಯಿಗಾಗಿ ಅಳುತ್ತದೆ, ಬೇರೆ ಕಡೆ ಮಲಗಿಸುವುದು ಬೇಡ ಎಂದರು. ಅದು ನಿಜವೇ, ನಮ್ಮ ಮನೆಯಲ್ಲಿದ್ದಾಗಲೂ ಹಾಗೇ. ಅವಳು ಅವರಿಗೆ ಕೂತುಕೊಳ್ಳುವಂತೆ ಕೈಸನ್ನೆ ಮಾಡಿ ನನ್ನ ಕಡೆ ತಿರುಗಿದಳು.

"ಎದ್ದ ತಕ್ಷಣ ನನ್ನ ಕೇಳ್ತಾಳೆ, ಅಳ್ತಾಳೆ. ಗಾಬರಿ ಬಿದ್ದು ನಂಗೆ ಫೋನ್ ಮಾಡ್ಬೇಡಿ. ಎತ್ಕೊಂಡು ಓಡಾಡಿ, ಸುಮ್ನಾಗ್ತಾಳೆ."

ಮನೆ ಬಿಟ್ಟು ಹೋಗಿ ಹನ್ನೊಂದು ತಿಂಗಳಾದ ಮೇಲೆ ಅವಳು ನನ್ನ ಮುಖ ನೋಡಿ ಮಾತಾಡಿದ್ದಳು. ನಾನು "ಆಯ್ತು" ಎಂದೆ. ಏಳು ವರ್ಷದ ಸಂಸಾರದಲ್ಲಿ, ಬೆನ್ನಿಗೇ ಒಂದು "ಆದ್ರೆ" ಸೇರಿಸದೆ ಅವಳಿಗೆ ನಾನು ಹೇಳಿದ ಮೊದಲ "ಆಯ್ತು" ಅದು.