ಕಥೆಯಲ್ಲಿನ ಗಂಡ ಯಾರ ಗಂಡ?

1978ರಲ್ಲಿ ನಾವು ಮಾನ್ವಿಯಲ್ಲಿದ್ದೆವು. ನಮ್ಮ ಮನೆಯವರು ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರು. ನನ್ನದು ಮನೆಗೆಲಸ. ರೊಟ್ಟಿ ಬಡಿದು ಮುಗಿದ ಮೇಲೆ, ಒಲೆಯ ಕಾವು ಆರುವವರೆಗೆ, ರಾಯಚೂರಿನ ಒಂದು ಮಾಸಪತ್ರಿಕೆಗೆ ಕಥೆ ಬರೆಯುತ್ತಿದ್ದೆ. ಸಂಭಾವನೆ ಇರಲಿಲ್ಲ; ಗೌರವ ಪ್ರತಿ, ಅಂದರೆ ಕಥೆ ಅಚ್ಚಾದ ಸಂಚಿಕೆ, ಪುಕ್ಕಟೆ ಬರುತ್ತಿತ್ತು. ಬರೆಯಬೇಡ ಎನ್ನದ ಗಂಡನನ್ನು ಕೊಟ್ಟಿದ್ದಕ್ಕೆ ದಿನಾ ಹನುಮಪ್ಪನಿಗೆ ಕೈ ಮುಗಿಯುತ್ತಿದ್ದೆ. ಬರೆದ ಹತ್ತಾರು ಕಥೆಗಳಲ್ಲಿ ಒಂದು ಮಾತ್ರ ಇಂದಿಗೂ ನನ್ನ ತಲೆ ತಗ್ಗಿಸುತ್ತದೆ.

ಆ ಕಥೆಯ ಗಂಡ ಸಾರಿಗೆ ಉಪ್ಪು ಕಡಿಮೆಯಾದರೆ ಬಯ್ಯುವುದಿಲ್ಲ. ತಾಟಿನ ಅಂಚಿಗೆ ಬೆರಳು ಹಾಕಿ, ಎತ್ತಿ ಗೋಡೆಗೆ ಒಗೆಯುತ್ತಾನೆ. ಹೆಂಡತಿ ಅನ್ನ ಬಳಿದು ಗೋಡೆ ಒರೆಸುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಇದು ಕಲ್ಪನೆಯಲ್ಲ, ದೇವದುರ್ಗದ ನನ್ನ ತವರಲ್ಲಿ ಕಣ್ಣಾರೆ ಕಂಡದ್ದು. ತಾಟು ಒಗೆದವನು ನನ್ನ ಅಣ್ಣ. ಗೋಡೆ ಒರೆಸಿದವರು ಅವನ ಹೆಂಡತಿ, ನಮ್ಮ ವೈನಿ.

ಆ ಪತ್ರಿಕೆಯಲ್ಲಿ ಒಂದು ರೂಢಿಯಿತ್ತು. ಗಂಡಸು ಬರೆದರೆ ಅವನ ಹೆಸರಷ್ಟೇ. ಹೆಂಗಸು ಬರೆದರೆ ಹಿಂದೆ ಶ್ರೀಮತಿ, ಮುಂದೆ ಗಂಡನ ಹೆಸರು, ಕೆಳಗೆ ಊರು. ನಾನು ಬಾಯಿಂದ ಎಂದೂ ಹೇಳದ ನಮ್ಮವರ ಹೆಸರು ತಾಟು ಒಗೆಯುವವನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೂತಿತ್ತು.

ಚಹಾದ ಹೋಟೆಲಿನಲ್ಲಿ ಶುರುವಾಯಿತು.

"ಏನ್ರೀ ಗುಮಾಸ್ತರ, ಇವತ್ತ ಸಾರಿಗಿ ಉಪ್ಪು ಬರೋಬ್ಬರಿ ಇತ್ತಿಲ್ರಿ?"

"ಲೇ, ಅವರಿಗೆ ಗಾಜಿನ ಗ್ಲಾಸ್ ಕೊಡಬ್ಯಾಡಲೇ, ಒಗದುಬಿಟ್ಟಾರು. ಸ್ಟೀಲಿಂದು ಕೊಡು!"

ಮೊದಮೊದಲು ಇದನ್ನು ನಮ್ಮವರೇ ಮನೆಗೆ ಬಂದು ನಗುತ್ತ ಹೇಳಿದರು. ಆಮೇಲೆ ನಗಲಿಲ್ಲ. ಆಮೇಲೆ ಹೋಟೆಲಿಗೇ ಹೋಗಲಿಲ್ಲ. ನೀರಿಗೆ ಹೋದರೆ ಹೆಂಗಸರು ನನ್ನ ಮುಖ ಬಿಟ್ಟು ಮೈಮೇಲೆ ಗಾಯ ಹುಡುಕುತ್ತಿದ್ದರು. ಅದೇ ಸಂಚಿಕೆಯಲ್ಲಿ ಒಬ್ಬ ಗಂಡಸು ಬರೆದ ಕಥೆಯ ನಾಯಕ ಹೆಂಡತಿಯನ್ನು ಬಾವಿಗೆ ನೂಕಿದ್ದ. ಆ ಲೇಖಕರ ಮನೆಗೆ ಯಾರೂ ವಿಚಾರಿಸಲು ಹೋದಂತಿರಲಿಲ್ಲ.

ನಮ್ಮ ಮನೆಗೆ ಬಂದರು. ದೇವದುರ್ಗದ ಬಸ್ಸಿನಿಂದ ಅಣ್ಣ ಇಳಿದ, ಹಿಂದೆ ವೈನಿ. ಅಣ್ಣ ಕಥೆ ಓದಿರಲಿಲ್ಲ, ಯಾರೋ ಕಿವಿಗೆ ಹಾಕಿದ್ದರು.

"ಅರಿವಿ ಕಟ್ಟು ಶಾಂತವ್ವಾ! ತವರಮನ್ಯಾಗ ನಿನಗ ಕೂಳಿಗೆ ಬರ ಬಂದಿಲ್ಲ. ಉಣ್ಣೋ ತಾಟು ಒಗಿಯಾಂವ ಮನಷ್ಯಾನ?"

ನಮ್ಮವರು ಪಡಸಾಲೆಯಲ್ಲೇ ನಿಂತಿದ್ದರು. ಅದು ಯಾರ ಕಥೆಯೆಂದು ಬರೆಯುವಾಗಲೇ ಅವರಿಗೆ ಹೇಳಿದ್ದೆ. ಒಂದು ಮಾತು ಆಡಿದ್ದರೆ ಪಾರಾಗುತ್ತಿದ್ದರು. ಆಡಿದರೆ ಮನೆಗೆ ಹೋದ ಮೇಲೆ ವೈನಿಯ ಗತಿ? "ಬರ್ರಿ, ಬಿಸಲಾಗ ಬಂದೀರಿ, ಮೊದಲ ಉಣ್ರಿ" ಎಂದಷ್ಟೇ ಅಂದರು. ನಾನೂ ಬಾಯಿ ಬಿಡಲಿಲ್ಲ.

ಗಂಡಸರು ಉಣ್ಣಲು ಕೂತರು. ಆ ಗಾಬರಿಯಲ್ಲಿ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅಣ್ಣ ಒಂದು ತುತ್ತು ಬಾಯಿಗಿಟ್ಟ. ಬೆರಳುಗಳು ತಾಟಿನ ಅಂಚಿನ ಕೆಳಗೆ ಹೋದವು, ತಾಟು ಗೇಣು ಮೇಲೆದ್ದಿತು. ಗೋಡೆಗೆ ಆತು ನಿಂತಿದ್ದ ವೈನಿ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದುಬಿಟ್ಟರು. ಅದನ್ನು ಅಣ್ಣನೂ ನೋಡಿದ, ನಾವೂ ನೋಡಿದೆವು. ನಮ್ಮವರು ಉಪ್ಪಿನ ಬಟ್ಟಲನ್ನು ಅವನ ಕಡೆ ಸರಿಸಿದರು.

"ಹಾಕ್ಕೋರಿ ಭಾವಾರ. ನಮ್ಮ ಮನ್ಯಾಗ ಹಿಂಗ ಮ್ಯಾಲ ಹಾಕ್ಕೊಂಡ ಉಣತೀವಿ."

ಅಣ್ಣ ತಾಟು ಕೆಳಗಿಟ್ಟ. ತಲೆ ಎತ್ತದೆ ಉಂಡ. ಅರಿವೆ ಕಟ್ಟು ಎಂದು ಮತ್ತೆ ಹೇಳಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದ.

ಊರಿನ ಬಾಯಿ ಮುಚ್ಚಿಸಲು ಮುಂದಿನ ಕಥೆಗಳಲ್ಲಿ ಗಂಡಂದಿರನ್ನೆಲ್ಲ ಸಾಧುಗಳನ್ನಾಗಿ ಮಾಡಿದೆ. ಒಬ್ಬನಂತೂ ಹೆಂಡತಿಯ ತಲೆನೋವಿಗೆ ಶುಂಠಿ ಕಷಾಯ ಕಾಸಿಕೊಟ್ಟ. ಹೋಟೆಲಿನವರು ಅಂಗಡಿಯ ತನಕ ಬಂದು, "ಗುಮಾಸ್ತರ, ಕಷಾಯ ಕಾಸಿದ್ರೇನ್ರಿ?" ಎಂದರು. ಅವತ್ತು ನಮ್ಮವರು ಮನೆಗೆ ಬಂದು ಅಂದದ್ದಿಷ್ಟು: "ನೀ ಕೆಟ್ಟವನ್ನ ಬರದ್ರೂ ನಾನ, ಚಲೋನ್ನ ಬರದ್ರೂ ನಾನ. ಹೆಂಗೂ ನಾನ ಆಗೋದದ, ಖರೇ ಇದ್ದದ್ದ ಬರಿ." ಇಂಥವರನ್ನು ಊರ ನಗೆಗೆ ಕೊಟ್ಟೆನಲ್ಲ ಎಂದು ದೇವರ ಮುಂದೆ ದೀಪ ಹಚ್ಚಲೂ ನಾಚಿಕೆಯಾಯಿತು.

ಅದಕ್ಕಿಂತ ದೊಡ್ಡ ನಾಚಿಕೆ ಇನ್ನೂ ಬಾಕಿ ಇತ್ತು. 1983ರಲ್ಲಿ ನಾವು ರಾಯಚೂರಿಗೆ ಬಂದೆವು. ವೈನಿ ಕಣ್ಣು ತೋರಿಸಲು ಬಂದು ನಮ್ಮಲ್ಲಿ ಉಳಿದಿದ್ದರು. ಅಣ್ಣನ ಸಿಟ್ಟು ಈಗ ಬಾಯಲ್ಲೇ ಮುಗಿಯುತ್ತದೆ, ಕೈಗೆ ಬರುವುದಿಲ್ಲ ಎಂದರು. ಅಷ್ಟಾದರೂ ದೇವರು ನಡೆಸಿಕೊಟ್ಟ. ಬೇಳೆ ಆರಿಸುತ್ತ ಕೂತಾಗ ವೈನಿಯೇ ಮಾತು ತೆಗೆದರು.

"ಶಾಂತವ್ವಾ, ನಿನ್ನ ಕಥಿ ನಾ ಓದಿಸಿ ಕೇಳೀನಿ. ಎಲ್ಲಾ ಖರೇನ ಬರದಿ. ಆದರ ಉಪ್ಪು ಕಡಿಮಿ ಇತ್ತಂತ ಯಾಕ ಬರದಿ?"

"ಇರಲಿಲ್ಲೇನ್ರಿ ವೈನಿ?"

"ಗ್ವಾಡಿ ಒರಿಸಿ ಬಂದು ನಾ ಅದ ಸಾರ ಉಂಡ್ನೆವ್ವಾ. ಉಪ್ಪು ಬರೋಬ್ಬರಿ ಇತ್ತು."

ಹೆಣ್ಣಾಗಿ, ಹೆಣ್ಣಿನ ಪರ ಎಂದುಕೊಂಡೇ ಬರೆದವಳು ನಾನು. ತಪ್ಪನ್ನು ಮಾತ್ರ ಅವಳ ಪಾತ್ರೆಗೇ ಹಾಕಿದ್ದೆ. ತಾಟು ಹಾರಿತೆಂದರೆ ಉಪ್ಪು ಕಡಿಮೆಯೇ ಇರಬೇಕು ಎಂದುಕೊಂಡಿದ್ದೆ, ಅವತ್ತು ತವರಲ್ಲೇ ಕೂತಿದ್ದೂ ಸಾರನ್ನು ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿರಲಿಲ್ಲ.

ಆಮೇಲೆಯೂ ಬರೆದೆ. ಆದರೆ ಕಥೆಯಲ್ಲಿ ಯಾವನಾದರೂ ತಾಟು ಎತ್ತಿದರೆ, ಮೊದಲು ಒಳಗೆ ಹೋಗಿ ಸಾರು ರುಚಿ ನೋಡಿ ಬರುತ್ತೇನೆ.